ಪೆಟ್ರೋಲ್ ಹಂಚಿಕೊಳ್ಳುವವರು ರಿಪೇರಿಯನ್ನೂ ಹಂಚಿಕೊಳ್ಳಲಿ

ಮಾನ್ಯ ಸಂಪಾದಕರೇ,

ಹತ್ತು ವರ್ಷ ದಾಟಿದ ಕಾರು ಬಿಳಿ ಆನೆ, ಮಾರಿ ಕೈತೊಳೆದುಕೊಳ್ಳಿ ಎಂದು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ಹೊಸ ಕಾರಿನ ಕಂತು ಕಟ್ಟುವ ಶಕ್ತಿ ಅವರಿಗೆ ಇರಬಹುದು. 5 ಲಕ್ಷ ಸಾಲ, ಶೇ 9ರ ಬಡ್ಡಿ, 5 ವರ್ಷ ಎಂದರೆ ತಿಂಗಳಿಗೆ 10,400ರ ಹತ್ತಿರ ಹೋಗುತ್ತದೆ. ನನ್ನದು 2010ರ ಸ್ಯಾಂಟ್ರೊ, ಮೀಟರ್ 1,70,000 ಕಿ.ಮೀ. ದಾಟಿದೆ. ಕಲಬುರಗಿಯಿಂದ ಮಳಖೇಡ ಹತ್ತಿರದ ಶಾಲೆಗೆ ಇದರಲ್ಲೇ ಹೋಗಿ ಬರುತ್ತೇನೆ. ಜೊತೆಗೆ ಮೂವರು ಸಹೋದ್ಯೋಗಿಗಳು ಬರುತ್ತಾರೆ. ಈ ಕಡೆ ಹೀಗೆ ಒಂದೇ ಕಾರಿನಲ್ಲಿ ಓಡಾಡುವ ಶಿಕ್ಷಕರು, ನರ್ಸ್‌ಗಳು, ಬ್ಯಾಂಕಿನವರು ಬಹಳ ಮಂದಿ ಇದ್ದಾರೆ.

ಪೆಟ್ರೋಲ್ ದುಡ್ಡನ್ನು ನಾಲ್ವರೂ ತಪ್ಪದೆ ಹಂಚಿಕೊಳ್ಳುತ್ತೇವೆ. ಆದರೆ ಕ್ಲಚ್ ಹೋದಾಗ, ಟೈರ್ ಸವೆದಾಗ ಕಾರಿನ ಒಡತಿಯೊಬ್ಬಳ ಪರ್ಸ್ ಮಾತ್ರ ತೆರೆಯುತ್ತಿತ್ತು. ಯಾರಿಗೂ ಕೆಟ್ಟ ಮನಸ್ಸಿಲ್ಲ. ಪೆಟ್ರೋಲ್ ಖರ್ಚು ದಿನಾ ಕಣ್ಣಿಗೆ ಕಾಣುತ್ತದೆ, ಸವೆತ ಕಾಣುವುದಿಲ್ಲ, ಅಷ್ಟೇ. ನಾವು ರಿಪೇರಿಯನ್ನು 'ಅಚಾನಕ್ ಖರ್ಚು' ಅನ್ನುತ್ತೇವೆ. ಅದರಲ್ಲಿ ಅಚಾನಕ್ ಏನಿದೆ ಹೇಳಿ? ನಾಲ್ಕು ಟೈರಿಗೆ 12,000 ರೂಪಾಯಿ, ಅವು 40,000 ಕಿ.ಮೀ. ಬಾಳಿದರೆ ಕಿ.ಮೀ.ಗೆ 30 ಪೈಸೆ ಆಯಿತು. ಆಯಿಲ್, ಫಿಲ್ಟರ್, ಮಜೂರಿ ಸೇರಿ ಒಂದು ಸರ್ವಿಸ್‌ಗೆ 3,000, ಅದು 10,000 ಕಿ.ಮೀ.ಗೆ ಒಮ್ಮೆ ಎಂದರೆ ಇನ್ನೂ 30 ಪೈಸೆ. ಬ್ಯಾಟರಿ, ಕ್ಲಚ್, ಬ್ರೇಕ್, ಸಸ್ಪೆನ್ಷನ್ ಹೀಗೇ ಕೂಡುತ್ತಾ ಹೋದರೆ, ಸ್ವಲ್ಪ ಕೈ ಬಿಗಿಯಾಗದಂತೆ ಇಟ್ಟುಕೊಂಡು, ನನ್ನ ಲೆಕ್ಕ ಕಿ.ಮೀ.ಗೆ 2 ರೂಪಾಯಿಗೆ ಬಂದು ನಿಂತಿತು. ತಿಂಗಳಿಗೆ 1,500 ಕಿ.ಮೀ. ಓಡಿದರೆ 3,000. ನಾಲ್ವರಿಗೆ ತಲಾ 750.

ಈ ದುಡ್ಡು ಮನೆ ಖರ್ಚಿನ ಜೊತೆ ಬೆರೆಯಬಾರದು. ನಾನು ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿದ್ದೇನೆ. ಪೋಸ್ಟ್ ಆಫೀಸಿನದು 5 ವರ್ಷದ್ದು, ಮೂರು ವರ್ಷ ಆಗುವ ತನಕ ಮುಚ್ಚಲು ಬರುವುದಿಲ್ಲ. ಗಾಡಿ ಅಷ್ಟು ದಿನ ಕಾಯುತ್ತದೆಯೇ?

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಬೆಂಗಳೂರಿನವರ ಲೆಕ್ಕಕ್ಕಿಂತ ಬೇರೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ಆ ಬಿಸಿಗೆ ಬ್ಯಾಟರಿ ಬೇಗ ಸಾಯುತ್ತದೆ, ರೇಡಿಯೇಟರ್ ಹೋಸ್ ಬಿರಿಯುತ್ತದೆ. ರೇಡಿಯೇಟರ್‌ಗೆ ಕೂಲಂಟ್ ಬದಲು ಬೋರ್ ನೀರು ಸುರಿಯುವ ಚಟ ಬೇರೆ ನಮ್ಮವರಿಗೆ. ಆ ಗಡಸು ನೀರು ಒಳಗೆ ಸುಣ್ಣದಂಥ ಪದರ ಕಟ್ಟುತ್ತದೆ. ಎಂಜಿನ್ ಕಾದು ಅದರ ಹೆಡ್ ಗ್ಯಾಸ್ಕೆಟ್ ಹೋದರೆ, ಕೂಲಂಟ್ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಅದಕ್ಕೆ ಹೋಗುತ್ತದೆ. ಇನ್ನು ರಸ್ತೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಭಾರವೂ ಇದೆ. ಲಿಂಕ್ ರಾಡ್, ಬಾಲ್ ಜಾಯಿಂಟ್, ಬುಷ್‌ನಂಥ ಸಸ್ಪೆನ್ಷನ್ ಭಾಗಗಳು ಇಲ್ಲಿ ಬೇಗ ಸವೆಯುವುದು ಕಾರಿನ ತಪ್ಪಲ್ಲ. ರಸ್ತೆ ಸರಿ ಮಾಡದವರು ಆ ಖರ್ಚನ್ನು ನಮ್ಮ ತಲೆಗೆ ಕಟ್ಟಿದ್ದಾರೆ.

ಸರ್ಕಾರದ ಪಾಲೂ ಇದೆ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000. ಇಪ್ಪತ್ತು ವರ್ಷ ದಾಟಿದರೆ 2025ರಿಂದ 10,000. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್‌ನಿಂದ ಕೆಲವು ಹಳೆ ಗಾಡಿಗಳ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು 20-30 ಸಾವಿರ ಕಿ.ಮೀ. ನಂತರ ಬದಲಿಸಬೇಕಾಗಬಹುದು ಎಂದು ಕೇಂದ್ರವೇ 2025ರಲ್ಲಿ ಹೇಳಿದೆ. ವಿಮೆ ಸವೆತಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಇವೆಲ್ಲ ಕಾರಿನ ಒಡೆಯರೇ ಕೂಡಿಸಿಕೊಳ್ಳಬೇಕಾದ ಖರ್ಚುಗಳು.

ಗ್ಯಾರೇಜಿನವರಿಗೂ ಒಂದು ಮಾತು. ಕೆಲಸ ಬಲ್ಲ ಮಿಸ್ತ್ರಿಗಳಿಗೆ ಕಲಬುರಗಿಯಲ್ಲಿ ಕೊರತೆ ಇಲ್ಲ. ನನ್ನ ಮಿಸ್ತ್ರಿ ಕ್ಲಚ್‌ಗಾಗಿ ಗೇರ್‌ಬಾಕ್ಸ್ ಇಳಿಸಿದಾಗ, "ಮೇಡಂ, ಪ್ಲೇಟ್ ಒಂದೇ ಹಾಕಿದರೆ ಆರು ತಿಂಗಳಿಗೆ ಬೇರಿಂಗ್ ಕೂಗುತ್ತೆ, ಮತ್ತೆ ಇಷ್ಟೇ ಮಜೂರಿ ಕೊಡಬೇಕು" ಎಂದು ಮೊದಲೇ ಹೇಳಿದರು. ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲ ಒಟ್ಟಿಗೆ ಹಾಕಿಸಿದೆ. ಇಂಥವರು ಬೇಕು. ಆದರೆ ಬಿಲ್ ಕೇಳಿದರೆ ಹಲವರು ಸಿಗರೇಟ್ ಪ್ಯಾಕಿನ ಹಿಂದೆ ಮೊತ್ತ ಬರೆದು ಕೊಡುತ್ತಾರೆ. ಯಾವ ಸಾಮಾನು, ಕಂಪನಿಯದೋ ಲೋಕಲ್ಲೋ, ಎಷ್ಟು ಕಿ.ಮೀ.ಗೆ ಹಾಕಿದ್ದು, ಮಜೂರಿ ಎಷ್ಟು ಎಂದು ಬರೆದು ಕೊಟ್ಟರೆ ಮಾತ್ರ ಮುಂದಿನ ವರ್ಷದ ಹಿಸಾಬು ಮಾಡಲು ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿ ಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ ಇಲ್ಲದೆ ಆ ಇಳಿಕೆ ನಮಗೆ ಸಿಕ್ಕಿತೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಹಳೆ ಕಾರನ್ನು ಎಂದೂ ಮಾರಬಾರದು ಎಂದು ನಾನು ಹೇಳುತ್ತಿಲ್ಲ. ಒಂದೇ ರಿಪೇರಿ ಕಾರಿನ ಬೆಲೆಯ ಅರ್ಧ ಮುಟ್ಟಿದರೆ, ಅಥವಾ ಚಾಸಿಗೆ ತುಕ್ಕು ಹಿಡಿದರೆ, ಮಾರುವುದೇ ಸರಿ. ಸುಮ್ನೆ ವರ್ಷ ನೋಡಿ ಮಾರುವುದು ಬೇಡ.

ಲೆಕ್ಕದ ಹಾಳೆ ತೋರಿಸಿದಾಗ ನಮ್ಮ ಗಣಿತದ ಮೇಷ್ಟ್ರು 2 ರೂಪಾಯಿ ಜಾಸ್ತಿ ಆಯಿತು ಎಂದು ತಕರಾರು ಮಾಡಿದರು. ಒಂದೂವರೆಗೆ ಇಳಿಸಿ ಎಂದರು, ನಾನು ಒಪ್ಪಲಿಲ್ಲ. ಈಗ ಮೂವರೂ ಕೊಡುತ್ತಿದ್ದಾರೆ. ಮುಂದಿನ ದೊಡ್ಡ ಖರ್ಚು ಟೈಮಿಂಗ್ ಬೆಲ್ಟ್‌ನದು. ದಾರಿಯಲ್ಲಿ ಅದು ಹರಿದರೆ ಎಂಜಿನ್ ಅಲ್ಲೇ ನಿಲ್ಲುತ್ತದೆ, ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಕೂಡ ಬಾಗುತ್ತದೆ. ದಸರಾ ರಜೆಯಲ್ಲಿ ಹಾಕಿಸಲು ಮಿಸ್ತ್ರಿಗೆ ಹೇಳಿಟ್ಟಿದ್ದೇನೆ.

– ಪ್ರೌಢಶಾಲಾ ಶಿಕ್ಷಕಿ, ಕಲಬುರಗಿ