ಸೀಲು ಹಾಕಿಸಿಕೊಳ್ಳಿ ಎಂದವರಿಗೆ

ಕಳೆದ ತಿಂಗಳು ವಾರ್ಡ್ ಕಚೇರಿಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ, ಹೆಗಲಿಗೆ ಖಾದಿ ಚೀಲ ತೂಗುಹಾಕಿಕೊಂಡಿದ್ದ ಹಿರಿಯರೇ, ನಿಮ್ಮ ಹೆಸರನ್ನೂ ಕೇಳದೆ ಬಂದುಬಿಟ್ಟೆ. ಕ್ಷಮಿಸಿ.

ಪಕ್ಕದ ನಿವೇಶನದಲ್ಲಿ ಮನೆ ಏಳುತ್ತಿತ್ತು. ರಾತ್ರಿ ಹನ್ನೊಂದಾದರೂ ಗ್ರಾನೈಟ್ ಕತ್ತರಿಸುವ ಯಂತ್ರ ಕಿರುಚುತ್ತಿತ್ತು. ಬೆಳಗಾದರೆ ತುಳಸಿ ಗಿಡದ ಮೇಲೆಲ್ಲ ಬಿಳಿ ಧೂಳು. ಮೂರು ಸಲ ಬಾಯಿಮಾತಿನಲ್ಲಿ ದೂರಿ, ಮೂರು ಸಲವೂ ‘ನೋಡೋಣ’ ಎನ್ನಿಸಿಕೊಂಡು ಮರಳಿದ್ದೆ. ನಾಲ್ಕನೆಯ ಸಲ ನನ್ನ ದನಿ ಏರಿದಾಗ ನೀವು ಪಕ್ಕಕ್ಕೆ ಕರೆದಿರಿ.

‘ಕೂಗಿದರೆ ಆಗುವುದಿಲ್ಲಮ್ಮ, ಬರೆದು ಕೊಡಿ’ ಎಂದಿರಿ. ಚೀಲದಿಂದ ಬಿಳಿ ಹಾಳೆ ತೆಗೆದು, ಮೊಣಕಾಲ ಮೇಲಿಟ್ಟುಕೊಂಡು ನೀವೇ ಬರೆಯತೊಡಗಿದಿರಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದು ಒಂದೊಂದಾಗಿ ಕೇಳಿದಿರಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು, ವಸತಿ ಪ್ರದೇಶದ ಮಿತಿ 45 ಡೆಸಿಬೆಲ್ ಎಂಬುದು ನಿಮಗೆ ಬಾಯಿಪಾಠ! ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೇ ಹೊರಡಿ ಎಂದಿರಿ. ರಾತ್ರಿ ಮತ್ತೆ ಶುರುವಾದರೆ 112ಕ್ಕೆ ಕರೆ ಮಾಡಿ, ಪಕ್ಕದ ಮನೆಯವರೊಡನೆ ಜಗಳಕ್ಕೆ ನಿಲ್ಲಬೇಡಿ ಎಂದೂ ಹೇಳಿದಿರಿ. ಆ ಕೊನೆಯ ಮಾತು ನನ್ನ ಮುಖ ನೋಡಿಯೇ ಹೇಳಿದ್ದಿರಬೇಕು.

ಐದನೆಯ ದಿನ ಎಂಜಿನಿಯರ್ ಬಂದು ನೋಡಿ ಹೋದರು. ಈಗ ಸಂಜೆ ಏಳಕ್ಕೆ ಯಂತ್ರ ನಿಲ್ಲುತ್ತದೆ. ಧೂಳು ಇನ್ನೂ ಇದೆ. ಅದಕ್ಕೊಂದು ಅರ್ಜಿ ನಾನೇ ಬರೆದಿದ್ದೇನೆ, ಎರಡು ಪ್ರತಿ. ನನ್ನಿಂದಾಗಿ ಸಾಲಿನಲ್ಲಿ ನಿಮ್ಮ ಸರದಿ ತಪ್ಪಿತ್ತು. ನಿಮ್ಮ ಕೆಲಸ ಅಂದು ಆಯಿತೇ?