ದೀಪಕ್ಕೆ ಎಣ್ಣೆ ಹಾಕುವವರು

ದೀಪಾವಳಿ ಸಂಚಿಕೆಯ ಸಂಪಾದಕೀಯದಲ್ಲಿ ನರಕಾಸುರನನ್ನೋ ಎಣ್ಣೆಸ್ನಾನವನ್ನೋ ನೆನೆಯುವುದು ವಾಡಿಕೆ. ಪುಟಗಳು ಅಚ್ಚಿಗೆ ಹೋಗಲು ಒಂದೇ ರಾತ್ರಿ ಉಳಿದಿರುವಾಗ ಅದೇ ಸುಲಭದ ದಾರಿಯೂ ಹೌದು. ಆದರೂ ಈ ಸಲ ಪಿಜನ್ ಪಾಯಿಂಟ್ ದೀಪಸ್ತಂಭದ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನಮ್ಮ ಕನ್ನಡ ತರಗತಿಯ ಒಬ್ಬಳು ಪುಟ್ಟ ಹುಡುಗಿ.

ಪೆಸ್ಕಡೇರೊದಿಂದ ದಕ್ಷಿಣಕ್ಕೆ, ಹೆದ್ದಾರಿ 1ರ ಪಕ್ಕದ ಬಂಡೆಗಳ ಮೇಲೆ ನಿಂತಿರುವ ಈ 115 ಅಡಿ ಎತ್ತರದ ಇಟ್ಟಿಗೆ ಗೋಪುರ ಇಂದು ಕ್ಯಾಲಿಫೋರ್ನಿಯದ ರಾಜ್ಯ ಉದ್ಯಾನವೊಂದರ ಭಾಗ. ನಮ್ಮ ಸಂಘದ ಕೆಲವರು ಬಿಡುವಾದ ವಾರಾಂತ್ಯಗಳಲ್ಲಿ ಅಲ್ಲಿ ಸ್ವಯಂಸೇವಕರಾಗಿದ್ದಾರೆ. ಬಂದವರಿಗೆ ಚರಿತ್ರೆ ಹೇಳುವುದು, ತಿಮಿಂಗಿಲ ಕಾಣುವ ಕಾಲದಲ್ಲಿ ದುರ್ಬೀನು ಹಿಡಿಸಿ ದಿಕ್ಕು ತೋರಿಸುವುದು, ಬೇಲಿ ದಾಟುವವರನ್ನು ನಯವಾಗಿ ತಡೆಯುವುದು, ಕಸ ಹೆಕ್ಕುವುದು, ಇವು ಅವರ ಕೆಲಸಗಳು. ಅವುಗಳಲ್ಲಿ ಕೊನೆಯದೇ ಹೆಚ್ಚು ಎಂಬುದನ್ನು ಮುಚ್ಚಿಡುವುದಿಲ್ಲ.

ಬಾಸ್ಟನ್‌ನಿಂದ ಹೊರಟು ತನ್ನ ಮೊದಲ ಯಾನದಲ್ಲಿದ್ದ ‘ಕ್ಯಾರಿಯರ್ ಪಿಜನ್’ ಎಂಬ ಹಾಯಿಹಡಗು 1853ರ ಜೂನ್‌ನಲ್ಲಿ ಮಂಜಿನಲ್ಲಿ ಈ ಬಂಡೆಗಳಿಗೆ ಬಡಿದು ಒಡೆದುದರಿಂದ ಜಾಗಕ್ಕೆ ಆ ಹೆಸರು ಬಂತು. ಮುಂದೆಯೂ ಹಡಗುಗಳು ಒಡೆದವು, ಜನ ಸತ್ತರು. ಆಮೇಲಷ್ಟೇ ಸರ್ಕಾರ ಎಚ್ಚೆತ್ತು 1871ರಲ್ಲಿ ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸಲು ಕೂಗುವ ಮಂಜಿನ ಸೀಟಿಯನ್ನು ಸ್ಥಾಪಿಸಿತು. ದೀಪ ಹೊತ್ತಿದ್ದು 1872ರ ನವೆಂಬರ್ 15ರಂದು. ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಹಾಯಿಸುವ, ಫ್ರಾನ್ಸಿನಲ್ಲಿ ತಯಾರಾದ ಅದರ ಫ್ರೆನೆಲ್ ಮಸೂರದಲ್ಲಿ 1008 ಗಾಜಿನ ಪಟ್ಟಕಗಳಿವೆ. ಒಳಗಿನ ಜ್ವಾಲೆ ಕದಲುತ್ತಿರಲಿಲ್ಲ, ಸುತ್ತಲಿನ ಮಸೂರವೇ ತಿರುಗುತ್ತಿತ್ತು. ಅದರ 24 ಫಲಕಗಳು ಒಂದೊಂದಾಗಿ ಹಾದುಹೋಗುವಾಗ ಹಡಗಿನವರಿಗೆ ಹತ್ತು ಸೆಕೆಂಡಿಗೊಮ್ಮೆ ಮಿಂಚು ಕಾಣುತ್ತಿತ್ತು. 2011ರಲ್ಲಿ ಗೋಪುರದಿಂದ ಇಳಿಸಿದ ಈ ಮಸೂರವನ್ನು ಪಕ್ಕದ ಮಂಜಿನ ಸೀಟಿಯ ಕಟ್ಟಡದಲ್ಲಿ ಹತ್ತಿರದಿಂದ ನೋಡಬಹುದು.

ಅದರ ಮುಂದೆ ನಿಂತು ಇದನ್ನೆಲ್ಲ ವಿವರಿಸುತ್ತಿದ್ದಾಗ ಆ ಹುಡುಗಿ ಕೇಳಿದಳು: “ಆಂಟಿ, ಇಷ್ಟು ದೊಡ್ಡ ದೀಪಕ್ಕೆ ರಾತ್ರಿಯೆಲ್ಲ ಎಣ್ಣೆ ಹಾಕುತ್ತಿದ್ದವರು ಯಾರು?” ಗಾಜಿನ ಲೆಕ್ಕವನ್ನು ಬಾಯಿಪಾಠ ಮಾಡಿದ್ದ ನಮ್ಮಲ್ಲಿ ಯಾರಾದರೂ ಮೊದಲೇ ಹೇಳಬೇಕಿದ್ದ ಮಾತು ಅದು. ಹಾಕುತ್ತಿದ್ದವರು ಅಲ್ಲೇ ಸಂಸಾರ ಹೂಡಿದ್ದ ಕಾವಲುಗಾರರು. ಆರಂಭದಲ್ಲಿ ಹಂದಿ ಕೊಬ್ಬಿನ ಎಣ್ಣೆ (ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು), ಅನಂತರ ಸೀಮೆಎಣ್ಣೆ. ಅದನ್ನು ಮೆಟ್ಟಿಲ ಮೇಲೆ ಹೊತ್ತೊಯ್ದು, ಬತ್ತಿಯ ಕರಿ ಕತ್ತರಿಸಿ, ಮಸೂರ ತಿರುಗಿಸುವ ಗಡಿಯಾರದ ಯಂತ್ರಕ್ಕೆ ಕೆಲವು ಗಂಟೆಗಳಿಗೊಮ್ಮೆ ಕೀಲಿ ಕೊಟ್ಟು, ಬೆಳಗಾದ ಮೇಲೆ ಗಾಜಿಗೆ ಹಿಡಿದ ಮಸಿ ಒರೆಸಬೇಕಿತ್ತು. 1926ರಲ್ಲಿ ವಿದ್ಯುತ್ ಬರುವವರೆಗೂ ನಡೆದದ್ದು ಇದೇ.

ನನ್ನ ಮನಸ್ಸು ಅಷ್ಟರಲ್ಲಿ ಉಡುಪಿ ಬಳಿಯ ಕಾಪುವಿಗೆ ಓಡಿತ್ತು. ಬೇಸಗೆ ರಜೆಯಲ್ಲಿ ಅಜ್ಜಿಯ ಮನೆ ತುಂಬಾ ನಾವು ಮೊಮ್ಮಕ್ಕಳು. ಸಂಜೆಯ ಹೊತ್ತು ಸೋದರಮಾವ ನಮ್ಮನ್ನೆಲ್ಲ ಸಾಲುಗಟ್ಟಿಸಿ ಕಡಲಿಗೆ ಕರೆದೊಯ್ಯುತ್ತಿದ್ದರು. 1901ರಲ್ಲಿ ಬ್ರಿಟಿಷರು ಬಂಡೆಯ ಮೇಲೆ ಕಟ್ಟಿದ ಆ ಲೈಟ್‌ಹೌಸ್‌ನ ಒಳಗೆ ಸುರುಳಿ ಮೆಟ್ಟಿಲು. ಹತ್ತುವಾಗ ಒಬ್ಬರ ಹವಾಯಿ ಚಪ್ಪಲಿಯ ಸದ್ದು ಇನ್ನೊಬ್ಬರ ತಲೆಯ ಮೇಲೆ ಬಡಿಯುತ್ತಿತ್ತು. ಮೇಲೆ ಖಾಕಿ ಅಂಗಿಯ ಒಬ್ಬರು ಹೆಗಲ ಮೇಲೆ ಮೆತ್ತನೆಯ ಬಟ್ಟೆ ಹಾಕಿಕೊಂಡು ನಿಂತಿರುತ್ತಿದ್ದರು. ನಾವು ಮುಟ್ಟಿದ ಕಡೆಯಲ್ಲೆಲ್ಲ ಮಾತನಾಡದೆ ಒರೆಸುವರು. ಮಾವ ಪಡುವಣಕ್ಕೆ ಕೈಚಾಚಿ, ದಡಕ್ಕೆ ಮರಳುವ ದೋಣಿಗಳಲ್ಲಿ ಯಾರ ಮನೆಯದು ಯಾವುದೆಂದು ಹೇಳುವರು. ನಮಗೆ ಎಲ್ಲವೂ ಒಂದೇ ತರಹದ ಕಪ್ಪು ಚುಕ್ಕೆಗಳು. ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿದರೆ ಬೆಳಕು ತೆಂಗಿನ ಸೋಗೆಗಳ ಮೇಲೆ ಹಾದುಹೋಗುತ್ತಿತ್ತು, ಮುಂದಿನದು ಬರುವವರೆಗೆ ನಾವು ಉಸಿರು ಬಿಗಿಹಿಡಿಯುವ ಆಟವಾಡುತ್ತಿದ್ದೆವು. ಖಾಕಿ ಅಂಗಿಯವರ ಹೆಸರನ್ನು ಯಾರೂ ಕೇಳಲಿಲ್ಲ. ಅವರು ಊಟ ಮಾಡುತ್ತಿದ್ದುದು ಯಾವಾಗ, ಮಳೆಗಾಲದಲ್ಲಿ ಮನೆಗೆ ಹೋಗುತ್ತಿದ್ದರೋ ಇಲ್ಲವೋ, ಅದೂ ನಮಗೆ ಬೇಕಿರಲಿಲ್ಲ.

ಇಲ್ಲಿನ ಗೋಪುರವನ್ನು ಮಾತ್ರ ಈಗ ಹತ್ತಲಾಗದು. 2001ರ ಡಿಸೆಂಬರ್‌ನಲ್ಲಿ ಮೇಲಿನ ಅಂಚಿನ ಇಟ್ಟಿಗೆ, ಕಬ್ಬಿಣ ಕಳಚಿ ಬಿದ್ದುದರಿಂದ ಒಳಪ್ರವೇಶ ನಿಂತಿತು. ಜೀರ್ಣೋದ್ಧಾರ ಶುರುವಾದದ್ದು 2024ರಲ್ಲಿ. ಉಪ್ಪುಗಾಳಿ ಎರಡು ದಶಕ ಕಾಯುತ್ತದೆಯೇ? ದುರಸ್ತಿಗೆ ಹಣವನ್ನು ಸರ್ಕಾರವೇ ಕೊಡಬೇಕು, ಅದನ್ನು ನಮ್ಮಂಥವರ ಬಿಟ್ಟಿ ದುಡಿಮೆಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಬಾಗಿಲಲ್ಲಿ ನಿಂತು ಮಕ್ಕಳ ಪ್ರಶ್ನೆಗೆ ಉತ್ತರಿಸಲು ಜನ ಬೇಕೇ ಬೇಕು.

ಇನ್ನು ಸೂಚನೆಗಳು, ಜಾಗ ಕಡಿಮೆಯಿರುವುದರಿಂದ ಅವಸರದಲ್ಲಿ: ರಾಜ್ಯೋತ್ಸವ ಮುಂದಿನ ಭಾನುವಾರ ಎಂದಿನ ಸಭಾಂಗಣದಲ್ಲಿ, ಊಟಕ್ಕೆ ಒಂದೊಂದು ಮನೆಯಿಂದ ಒಂದೊಂದು ಪದಾರ್ಥ, ದಯವಿಟ್ಟು ಎಲ್ಲರೂ ಚಿತ್ರಾನ್ನವನ್ನೇ ತರಬೇಡಿ. ನಾಟಕದ ತಾಲೀಮು ಶುಕ್ರವಾರ ಸಂಜೆಗೆ ಬದಲಾಗಿದೆ. ಕನ್ನಡ ತರಗತಿಗೆ ಆ ವಾರ ರಜೆ. ಸಂಕ್ರಾಂತಿ ಸಂಚಿಕೆಗೆ ಲೇಖನಗಳನ್ನು ಡಿಸೆಂಬರ್ ಮೊದಲ ವಾರದೊಳಗೆ ಕಳುಹಿಸಿ, ಫೋನಿನಲ್ಲಿ ತೆಗೆದ ಕೈಬರಹದ ಚಿತ್ರ ಬೇಡ, ಅದನ್ನು ಬೆರಳಚ್ಚಿಸುವವಳು ನಾನೊಬ್ಬಳೇ. ಕರಡು ತಿದ್ದಲು ಒಬ್ಬರಾದರೂ ಜೊತೆಗೆ ಬಂದರೆ ಈ ಪತ್ರಿಕೆ ಮುಂದಿನ ವರ್ಷವೂ ಬರುತ್ತದೆ. ಬಾರದಿದ್ದರೆ ಬರುತ್ತದೆಂದು ಮಾತು ಕೊಡಲಾರೆ.

ದೀಪಸ್ತಂಭದ ಕೆಲಸಕ್ಕೆ ಹೆಸರು ಕೊಡುವವರು ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಬಳಿ ಅರ್ಜಿ ಪಡೆಯಬಹುದು. ಹದಿನೆಂಟು ತುಂಬದ ಮಕ್ಕಳಿದ್ದರೆ ಹೆತ್ತವರ ಸಹಿ ಬೇಕು. ಹೊರಡುವ ದಿನ ದಪ್ಪ ಜಾಕೆಟ್ ಹಾಕಿಕೊಳ್ಳಿ, ಆ ಗಾಳಿಗೆ ಸ್ವೆಟರ್ ಸಾಲದು.