ಅವ್ವಾ, ನಿನ್ನ ತವರಿನ ಹೆಸರುಗಳನ್ನು ಬರೆದು ಕಳಿಸು

ಮಾಂಟ್ರಿಯಲ್
ಭಾನುವಾರ

ಪ್ರೀತಿಯ ಅವ್ವಗೆ,

ನಾವೆಲ್ಲ ಆರಾಮ ಇದ್ದೇವೆ. ಅಪ್ಪನ ಮೊಣಕಾಲು ಈಗ ಹೇಗಿದೆ? ಇಲ್ಲಿ ಹಿಮ ಇನ್ನೂ ಕರಗಿಲ್ಲ.

"ಶನಿವಾರ ಬಂತಂದ್ರ ಎಲ್ಲಿ ಹೋಗ್ತೀ, ಫೋನ್ ಎತ್ತೂದಿಲ್ಲ" ಅಂತ ಬೈದೆಯಲ್ಲ, ಅದನ್ನು ಬರೆದೇ ಹೇಳಬೇಕು ಅನ್ನಿಸಿತು. ಕೆಳಗಿನ ಮನೆಯ ಅಜ್ಜಿಗೆ ತಮ್ಮ ವಂಶದ ಬೇರು ಹುಡುಕುವ ಹಂಬಲ. ಕಣ್ಣು ಮಂಜಾಗಿದೆ. ಹಾಗಾಗಿ ಚರ್ಚುಗಳ ಹಳೆಯ ದಫ್ತರದ ಪುಟಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನಾನು ಓದಿ ಹೇಳುತ್ತೇನೆ. ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು, ಎಲ್ಲವನ್ನೂ ಪಾದ್ರಿಗಳು ಬರೆದಿಟ್ಟಿದ್ದಾರೆ.

ಮೊದಲ ತಿಂಗಳು ದಾರಿಯೇ ತಪ್ಪಿತ್ತು. ಮಗನ ಮನೆತನ ಬೊಲ್ಯೊ, ಅಪ್ಪನದು ಉದೋಂ! ಬೇರೆ ಯಾರದೋ ಮನೆಗೆ ನುಗ್ಗಿದೆವು ಅಂದುಕೊಂಡು ಹಿಂದೆ ಬಂದೆವು. ಆಮೇಲೆ ಒಂದು ಪುಟದಲ್ಲಿ 'ಉದೋಂ ದಿ ಬೊಲ್ಯೊ' ಅಂತ ಸಿಕ್ಕಿತು. ಆ 'ದಿ' ಅಂದರೆ ನಮ್ಮ ಹೊಲದ ಉತಾರದಲ್ಲಿ ಬರುವ 'ಉರ್ಫ್', ಅಷ್ಟೇ. ಆಗ ಇಲ್ಲಿ ಎಷ್ಟೋ ಮನೆತನಗಳಿಗೆ ಹೀಗೆ ಎರಡೆರಡು ಅಡ್ಡಹೆಸರು ಇರುತ್ತಿದ್ದವು. 1665ರಲ್ಲಿ, ಈ ನಾಡು ಫ್ರಾನ್ಸಿನ ಕೈಯಲ್ಲಿದ್ದಾಗ, ಅಲ್ಲಿನ ರಾಜ ಸುಮಾರು 1200 ಸೈನಿಕರನ್ನು ಇಲ್ಲಿಗೆ ಕಳಿಸಿದ್ದ. ಅಂಥ ಸಿಪಾಯಿಗಳಿಗೆ ದಂಡಿನಲ್ಲಿ ಒಂದು ಹೆಸರು ಬೀಳುತ್ತಿತ್ತು: ಲಾಫ್ಲರ್ ಅಂದರೆ ಹೂವು, ಸಾನ್‌ಸುಸಿ ಅಂದರೆ ಚಿಂತೆಯಿಲ್ಲದವ. ಅವರಲ್ಲಿ ಸುಮಾರು 400 ಮಂದಿ ಇಲ್ಲೇ ನೆಲೆ ನಿಂತರು, ಹೆಸರುಗಳೂ ಮೊಮ್ಮಕ್ಕಳವರೆಗೆ ಉಳಿದವು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಹಳೆಯದನ್ನು, ಇನ್ನೊಬ್ಬ 'ಉರ್ಫ್' ಆದದ್ದನ್ನು ಇಟ್ಟುಕೊಂಡದ್ದೂ ಉಂಟು.

ಹುಡುಗಿಯರ ಹೆಸರಿನ ಮುಂದೆಲ್ಲ ಮರೀ, ಹುಡುಗರ ಮುಂದೆಲ್ಲ ಜೋಸೆಫ್. ಕರೆಯುವ ಹೆಸರು ಅದರ ಹಿಂದೆ, ಬಹಳ ಸಲ ಜ್ಞಾನಸ್ನಾನದಲ್ಲಿ ಕೂಸನ್ನು ಹಿಡಿದ ಧರ್ಮದ ತಾಯಿ-ತಂದೆಯರದ್ದೇ. ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರು. ಎರಡು ವರ್ಷದೊಳಗೆ ಎರಡು ಮರೀ-ಲೂಯಿಸ್ ಕಂಡಾಗ ಅಜ್ಜಿ ಕನ್ನಡಕ ತೆಗೆದು ಸುಮ್ಮನೆ ಕುಳಿತರು.

ಇನ್ನೊಂದು ಸಂಗತಿ ಕೇಳು. 1640ರಲ್ಲಿ ಕ್ವಿಬೆಕ್ ಊರಿನ ಚರ್ಚು ಸುಟ್ಟಾಗ ಅದರ ದಫ್ತರವೂ ಬೂದಿಯಾಯಿತು. ಆಗ ಜನರ ನೆನಪಿನಿಂದಲೇ ಅದನ್ನು ಮತ್ತೆ ಬರೆದರು. ನನಗೆ ಕೂಡಲೇ ನಮ್ಮ ಹೆಳವರು ನೆನಪಾದರು. ಸುಗ್ಗಿಯಾದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಕಟ್ಟೆಯ ಮೇಲೆ ಕುಳಿತು ಏಳು ತಲೆ ಹಿಂದಿನವರನ್ನು ಗಡಗಡ ಹೇಳುತ್ತಿದ್ದರು. ಅಜ್ಜ ಜೋಳ ಅಳೆದು ಕೊಡುತ್ತಿದ್ದ. ಆದರೆ ನನಗೆ ನೆನಪಿರುವ ಹೆಸರೆಲ್ಲ ಗಂಡಸರದ್ದೇ.

ಇಲ್ಲಿ ಹಾಗಲ್ಲ, ಅವ್ವಾ. ಮದುವೆಯ ಬರಹದಲ್ಲಿ ಹೆಣ್ಣು ತವರಿನ ಹೆಸರಲ್ಲೇ ಇದ್ದಾಳೆ, ಅವಳ ತಂದೆ, ತಾಯಿ ಇಬ್ಬರೂ ಇದ್ದಾರೆ. ಸತ್ತಾಗಲೂ ಅವಳಿಗೆ ಹುಟ್ಟಿದ ಹೆಸರೇ. 1981ರಿಂದ ಇಲ್ಲಿನ ಕ್ವಿಬೆಕ್ ಪ್ರಾಂತ್ಯದ ಕಾನೂನೂ ಅದನ್ನೇ ಹೇಳುತ್ತದೆ. ಹಾಗಾಗಿ ತಾಯಿಯಿಂದ ತಾಯಿಗೆ ಮೆಟ್ಟಿಲು ಇಳಿದು ಹೋಗಬಹುದು. ಮೊನ್ನೆ ಅಜ್ಜಿಯ ತಾಯಿಯ ಕಡೆಯ ಕೊನೆಯ ಮೆಟ್ಟಿಲು ಮುಟ್ಟಿದೆವು: 1663ರಿಂದ 1673ರವರೆಗೆ, ಇಲ್ಲಿ ಮದುವೆಯಾಗಿ ನೆಲೆಸಲಿ ಅಂತ ಫ್ರಾನ್ಸಿನ ರಾಜನೇ ಹಡಗಿನ ಖರ್ಚು ಕೊಟ್ಟು ಕಳಿಸಿದ ಸುಮಾರು 800 ಹೆಣ್ಣುಮಕ್ಕಳಲ್ಲಿ ಒಬ್ಬಳು. ಅವಳಿಗೆ ಸಹಿ ಬರುತ್ತಿರಲಿಲ್ಲ ಅಂತ ಬರೆದಿದೆ. ಅಜ್ಜಿ ಆ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಿಸಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುತ್ತಜ್ಜಿಯರು ಯಾರು ಅಂತ ಕೇಳಿದರೆ ನನ್ನ ಹತ್ತಿರ ಒಂದು ಹೆಸರೂ ಇಲ್ಲ. ನಿನಗೂ ಮದುವೆಯ ಅಕ್ಕಿಕಾಳಿನ ದಿನವೇ ಹೆಸರು ಬದಲಿಸಿದರಲ್ಲ.

ನಿನ್ನ ಅವ್ವ ಮದುವೆಗೆ ಮುಂಚೆ ಏನಂತ ಕರೆಸಿಕೊಳ್ಳುತ್ತಿದ್ದಳು? ಅವಳ ಅವ್ವ? ಅವರ ತವರು ಯಾವ ಊರು? ಗೊತ್ತಿಲ್ಲದಿದ್ದರೆ ದೊಡ್ಡವ್ವನನ್ನು ಈ ವಾರವೇ ಕೇಳು, ಅವಳಿಗಿನ್ನೂ ನೆನಪು ಗಟ್ಟಿಯಿದೆ. ಈ ಸಲ ಹೆಳವರು ಬಂದರೆ ಒಂದು ಸೇರು ಜೋಳ ಹೆಚ್ಚು ಹಾಕಿ, ನನ್ನ ಹೆಸರನ್ನೂ ತಂಗಿಯ ಹೆಸರನ್ನೂ ಬರೆಸು.

ನಿನ್ನ ಮಗಳು